ತಮ್ಮದು ಯಾವೂರಾಯಿತು?

ಮುಂಬಯಿಯಲ್ಲಿ ಇಬ್ಬರು ಕನ್ನಡಿಗರು ಮೊದಲ ಸಲ ಭೇಟಿಯಾದರೆ ಮೊದಲನೆಯ ಮಾತು 'ಓಹೋ, ಕನ್ನಡದವರೇ!' ಎಂದು. ಎರಡನೆಯ ಮಾತು 'ತಮ್ಮದು ಯಾವೂರಾಯಿತು?' ಎಂದು. ಹೆಸರು ಕೇಳುವುದು ಅನಂತರ. ಹಾಗೆ ನೋಡಿದರೆ ಹಳೆಯ ಮೈಸೂರಿನ ಕಡೆಯವರಿಗೆ ಈ ಪ್ರಶ್ನೆಯ ಉತ್ತರ ಹೆಸರಿನೊಳಗೇ ಇರುತ್ತದೆ. ಕುವೆಂಪು ಎಂಬುದರಲ್ಲಿ ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಅವರು. ಊರು ಮುಂದೆ, ಮನುಷ್ಯ ಹಿಂದೆ. ಉತ್ತರ ಕರ್ನಾಟಕದವರಲ್ಲಿ ಅನೇಕರು ಊರನ್ನೇ ಅಡ್ಡಹೆಸರಾಗಿ ಕೊನೆಗೆ ಇಟ್ಟುಕೊಂಡಿದ್ದಾರೆ. ಈ ನಗರದ ಅರ್ಜಿ ಫಾರಮ್ಮುಗಳಿಗೆ ಅದೇ ಅನುಕೂಲ. ಮೈಸೂರಿನವರು ಬಂದಾಗ ಮಾತ್ರ ಗುಮಾಸ್ತರು 'ಸರ್‌ನೇಮ್ ಏನು?' ಎಂದು ಪೆನ್ನು ಹಿಡಿದು ಕಾಯುತ್ತಾರೆ. ಇನಿಷಿಯಲ್ಲಿನಲ್ಲಿ ಒಂದೇ ಅಕ್ಷರವಾಗಿ ಮಡಚಿಕೊಂಡಿದ್ದ ಹಳ್ಳಿ ಆಗ ಪೂರ್ತಿ ಬಿಚ್ಚಿಕೊಂಡು ರೇಷನ್ ಕಾರ್ಡನ್ನು ಏರುತ್ತದೆ.

ಈ ಪೀಠಿಕೆ ಯಾಕೆಂದರೆ, ೨೦೨೩ರ ಮಳೆಗಾಲದಲ್ಲಿ ಸುಮಾರು ಮೂರು ವಾರ ನಾವು ಎರಡು ಜೊತೆ ಡಿಸ್ಕುಗಳಿಗೆ ಇದೇ ಪ್ರಶ್ನೆ ಕೇಳುತ್ತ ಕುಳಿತಿದ್ದೆವು. ನಾವು ಎಂದರೆ ಸಂಘದ ಧ್ವನಿ ಸಂಗ್ರಹವನ್ನು ನೋಡಿಕೊಳ್ಳುವ ಮೂವರು.

ಸಂಘದ ಕಪಾಟಿನಲ್ಲಿ ಐವತ್ತು ವರ್ಷಗಳ ಕ್ಯಾಸೆಟ್ಟುಗಳಿದ್ದುದು ಸದಸ್ಯರಿಗೆ ಗೊತ್ತೇ ಇದೆ. ನಾಟಕ, ಭಾಷಣ, ಗಮಕ, ಯಕ್ಷಗಾನ, ಒಂದೆರಡು ಮದುವೆಯ ಹಾಡುಗಳು. ಮುಂಬಯಿಯ ಹವೆಗೆ ಟೇಪುಗಳಿಗೆಲ್ಲ ಬೂಷ್ಟು ಹಿಡಿದಿತ್ತು. ಒಂದೊಂದನ್ನೂ ಒರೆಸಿ, ಓಡಿಸಿ, ಕಂಪ್ಯೂಟರಿಗೆ ಇಳಿಸುವುದು ನಮ್ಮ ಕೆಲಸ. ಕೆಲವು ಟೇಪುಗಳು ಇಳಿಸುವ ಹೊತ್ತಿಗೇ ಪುಡಿ ಉದುರಿಸುತ್ತ ಕೊನೆಯ ಬಾರಿ ಹಾಡಿ ತುಂಡಾದವು. ಅಂಥವುಗಳ ಮಟ್ಟಿಗೆ ಇನ್ನು ಮೂಲ ಪ್ರತಿಯೆಂದರೆ ಡಿಸ್ಕಿನಲ್ಲಿರುವುದೇ.

ಆದ್ದರಿಂದ ಆಫೀಸಿನ ಕಂಪ್ಯೂಟರಿನಲ್ಲಿ ಒಂದು ಡಿಸ್ಕಿನ ಬದಲು ಎರಡನ್ನು ಜೋಡಿಸಿದ್ದೆವು. ಬರೆದದ್ದೆಲ್ಲ ಎರಡರಲ್ಲೂ ಏಕಕಾಲಕ್ಕೆ ಮೂಡುತ್ತದೆ. ಒಂದು ಸತ್ತರೆ ಇನ್ನೊಂದು ನಡೆಸುತ್ತದೆ. ಇದಕ್ಕೆ ರೇಡ್ ಎಂದು ಹೆಸರು. ೧೯೮೮ರಲ್ಲಿ ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಸ್ ಎಂಬ ಮೂವರು ಒಂದು ಪ್ರಬಂಧ ಬರೆದರು. ದುಬಾರಿಯ ದೊಡ್ಡ ಡಿಸ್ಕು ಒಂದರ ಬದಲು ಅಗ್ಗದ ಚಿಕ್ಕ ಡಿಸ್ಕುಗಳ ತಂಡ ಕಟ್ಟಿ ಕೆಲಸ ತೆಗೆಯಬಹುದು ಎಂಬುದು ಅದರ ವಾದ. ರೇಡ್ ಎಂಬ ಹೆಸರು ಬಳಕೆಗೆ ಬಂದದ್ದು ಆ ಪ್ರಬಂಧದಿಂದ. ಇದಕ್ಕೆಂದೇ ಬೇರೆ ಕಾರ್ಡು ಕೊಳ್ಳಬೇಕಾಗಿಲ್ಲ. ಲಿನಕ್ಸಿನಲ್ಲಿ ಎಂಡಿ ಎಂಬ ಭಾಗ ತಂಡವನ್ನು ನಡೆಸುತ್ತದೆ. ತಂಡ ಕಟ್ಟುವ, ಬಿಚ್ಚುವ ಕೆಲಸಕ್ಕೆ ನೀಲ್ ಬ್ರೌನ್ ಎಂಬವರು ಬರೆದ ಎಂಡಿಎಡಿಎಂ ಎಂಬ ಸಾಧನವಿದೆ. ಎಲ್ಲವೂ ಪುಕ್ಕಟೆ. ಖಜಾಂಚಿಗಳು ಒಪ್ಪಿದ್ದು ಈ ಒಂದು ಗುಣಕ್ಕೆ. ತಂಡಕ್ಕೆ ಇಂಗ್ಲಿಷಿನಲ್ಲಿ ಅರೇ ಎನ್ನುತ್ತಾರೆ. ಈ ಊರಿನಲ್ಲಿ ಅರೇ ಎಂದರೆ ಬೀದಿಯಲ್ಲಿರುವ ಅರ್ಧ ಜನ ತಿರುಗಿ ನೋಡುವುದರಿಂದ ನಾವು ತಂಡ ಎಂದೇ ಕರೆಯುತ್ತೇವೆ.

ಆಫೀಸಿನ ಕಂಪ್ಯೂಟರಿಗೆ ತುಂಗಾ ಎಂದು ಹೆಸರು. ಡೊಂಬಿವಲಿಯಲ್ಲಿ ನಮ್ಮಲ್ಲೊಬ್ಬರ ಮನೆಯ ಕಂಪ್ಯೂಟರು ಭದ್ರಾ. ಅದರಲ್ಲೂ ಎರಡು ಡಿಸ್ಕುಗಳ ತಂಡ. ತುಂಗೆಯಲ್ಲಿ ಹಗಲು ಇಳಿಸಿದ್ದು ರಾತ್ರಿ ತಂತಿಯ ಮೂಲಕ ಭದ್ರೆಗೆ ನಕಲಾಗುವ ಏರ್ಪಾಟು. ಎರಡೂ ಕಡೆ ತಂಡದ ಹೆಸರು ಒಂದೇ, ಸಂಗ್ರಹ. ಹೆಸರಿಟ್ಟವರು ಈಗ ಬೆಂಗಳೂರಿನಲ್ಲಿದ್ದಾರೆ. ಒಂದೇ ವಸ್ತುವಿಗೆ ಎರಡು ಹೆಸರು ಯಾಕೆ ಎಂಬುದು ಅವರ ವಾದವಾಗಿತ್ತು. ಎರಡು ಮನೆಯಲ್ಲಿ ಇರುವ ತನಕ ಅದರಿಂದ ತೊಂದರೆಯೂ ಇರಲಿಲ್ಲ.

ಜುಲೈಯಲ್ಲಿ ಒಂದು ಸಂಜೆ ಕರೆಂಟು ಹೋಗಿ, ಬಂದು, ಮತ್ತೆ ಹೋಗಿ, ಮೂರನೆಯ ಸಲ ಬಂದಾಗ ತುಂಗೆಯ ಮದರ್‌ಬೋರ್ಡು ಸುಟ್ಟಿತು. ಅದಕ್ಕೆ ಮೊದಲೇ ಮಳೆಯಿಂದಾಗಿ ಹದಿನೆಂಟು ದಿನ ಇಂಟರ್ನೆಟ್ಟು ಕೆಟ್ಟಿತ್ತು. ಆ ಹದಿನೆಂಟು ದಿನಗಳಲ್ಲಿ ನಾವು ನಲವತ್ತೊಂದು ಕ್ಯಾಸೆಟ್ಟುಗಳನ್ನು ಇಳಿಸಿದ್ದೆವು. ಒಂದೂ ಭದ್ರೆಗೆ ತಲುಪಿರಲಿಲ್ಲ. ಅವುಗಳಲ್ಲಿ ಏಳು ಟೇಪುಗಳು ತುಂಡಾಗಿ ಕಸದ ಬುಟ್ಟಿ ಸೇರಿಯಾಗಿತ್ತು.

ಮೊದಲು ಪಕ್ಕದ ರಸ್ತೆಯ ಒಂದು ರಿಪೇರಿ ಅಂಗಡಿಗೆ ಹೋದೆವು. ಅಲ್ಲಿಯ ಹುಡುಗ ಡಿಸ್ಕೊಂದನ್ನು ತನ್ನ ವಿಂಡೋಸ್ ಯಂತ್ರಕ್ಕೆ ಸಿಕ್ಕಿಸಿದ. 'ಡಿಸ್ಕ್ ಖಾಲಿ ಹೈ ಸಾಬ್' ಎಂದ. ಡಿಸ್ಕನ್ನು ಇನಿಷಿಯಲೈಸ್ ಮಾಡಬೇಕು ಎಂದು ಪರದೆಯ ಮೇಲೆ ಒಂದು ಪೆಟ್ಟಿಗೆ ಬಂದಿತ್ತು. ಅವನ ಬೆರಳು ಓಕೆ ಗುಂಡಿಯ ಮೇಲೆಯೇ ಇತ್ತು. 'ಬೇಡ, ಬೇಡ' ಎಂದು ನಾವು ಮೂವರೂ ಒಟ್ಟಿಗೆ ಕೂಗಿದ್ದಕ್ಕೆ ಪಕ್ಕದ ಬಟ್ಟೆ ಅಂಗಡಿಯವರು ಹೊರಗೆ ಬಂದು ನೋಡಿದರು.

ಇಲ್ಲಿ ಒಂದಿಷ್ಟು ಲೆಕ್ಕ ಹೇಳಬೇಕು, ಯಾಕೆಂದರೆ ಇದೇ ಪೆಟ್ಟಿಗೆ ಓದುಗರಿಗೂ ಎದುರಾಗಬಹುದು. ತಂಡದ ಪ್ರತಿಯೊಂದು ಡಿಸ್ಕಿನಲ್ಲೂ ಒಂದು ಚಿಕ್ಕ ಜಾಗದಲ್ಲಿ ಅದರ ಜಾತಕ ಬರೆದಿರುತ್ತದೆ. ಸೂಪರ್‌ಬ್ಲಾಕು ಎಂದು ಅದರ ಹೆಸರು. ನಾನು ಯಾವ ತಂಡದವನು, ಅದರಲ್ಲಿ ಎಷ್ಟು ಜನ, ನನ್ನ ಸ್ಥಾನ ಎಷ್ಟನೆಯದು ಎಂಬ ವಿವರವೆಲ್ಲ ಅದರಲ್ಲಿ. ಈಗ ರೂಢಿಯಲ್ಲಿರುವ ೧.೨ ಎಂಬ ನಮೂನೆಯಲ್ಲಿ ಈ ಜಾತಕ ಇರುವುದು ಡಿಸ್ಕಿನ ಆರಂಭದಿಂದ ೪,೦೯೬ ಬೈಟು ದೂರದಲ್ಲಿ. ೫೧೨ ಬೈಟಿನ ತುಂಡುಗಳಾಗಿ ಸೊನ್ನೆಯಿಂದ ಎಣಿಸಿದರೆ ಎಂಟನೆಯ ತುಂಡು. ವಿಂಡೋಸು ಕೇಳುವ ಇನಿಷಿಯಲೈಸಿಗೆ ಜಿಪಿಟಿ ಎಂದು ಒಪ್ಪಿಗೆ ಕೊಟ್ಟರೆ ಅದು ಡಿಸ್ಕಿನ ಭಾಗಗಳ ಪಟ್ಟಿಯನ್ನು ಎರಡನೆಯ ತುಂಡಿನಿಂದ ಮೂವತ್ತಮೂರನೆಯ ತುಂಡಿನ ತನಕ ಹಾಸುತ್ತದೆ. ಎಂಟು ಅದರೊಳಗೇ ಬಂತು. ನಮ್ಮ ಡಿಸ್ಕುಗಳನ್ನು ಭಾಗ ಮಾಡದೆ ಇಡಿಯಾಗಿ ತಂಡಕ್ಕೆ ಕೊಟ್ಟಿದ್ದರಿಂದ ಅಂಥ ಪಟ್ಟಿ ಅವುಗಳಲ್ಲಿ ಇರಲಿಲ್ಲ. ಪಟ್ಟಿ ಕಾಣದ ವಿಂಡೋಸಿಗೆ ಡಿಸ್ಕು ಖಾಲಿ. ಒಂದು ಗುಂಡಿ ಒತ್ತಿದ್ದರೆ ನಾಟಕಗಳು ಬಹುಮಟ್ಟಿಗೆ ಅಲ್ಲೇ ಉಳಿದು ಜಾತಕ ಮಾತ್ರ ಅಳಿಸಿಹೋಗುತ್ತಿತ್ತು. ತಿಳಿದವರಿಗೆ ಅಲ್ಲಿಂದಲೂ ದಾರಿಯಿದೆ. ಆದರೆ ಬಲು ಕಷ್ಟದ ದಾರಿ.

ಡಿಸ್ಕುಗಳನ್ನು ಟವೆಲಿನಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ಡೊಂಬಿವಲಿಯ ಗಾಡಿ ಹತ್ತಿದೆವು. ಸಂಜೆಯ ಗಾಡಿ ಎಂದರೆ ಬೇರೆ ಹೇಳಬೇಕಾಗಿಲ್ಲ. ಡಬ್ಬಿಯನ್ನು ಮೂವರೂ ಸರದಿಯ ಮೇಲೆ ಎದೆಗೆ ಒತ್ತಿಕೊಂಡು ನಿಂತೆವು. ಒಬ್ಬ ಹೆಂಗಸರು 'ತಿಂಡಿ ಇದ್ದರೆ ಕೆಳಗೆ ಇಡಿ, ಯಾರೂ ತೆಗೆದುಕೊಳ್ಳುವುದಿಲ್ಲ' ಎಂದು ಮರಾಠಿಯಲ್ಲಿ ಧೈರ್ಯ ಹೇಳಿದರು.

ಭದ್ರೆಗೆ ಸಿಕ್ಕಿಸುವ ಮೊದಲು ಒಂದು ರಾತ್ರಿ ಯೋಚನೆಯಲ್ಲೇ ಹೋಯಿತು. ಭದ್ರೆಯೊಳಗೆ ಆಗಲೇ ಸಂಗ್ರಹ ಎಂಬ ತಂಡ ಇದೆ. ಈಗ ಬರುತ್ತಿರುವುದೂ ಸಂಗ್ರಹ. ಯಂತ್ರ ಎರಡನ್ನೂ ತಾನಾಗಿಯೇ ಜೋಡಿಸುತ್ತದೆ, ಯಾರೂ ಹೇಳಬೇಕಾಗಿಲ್ಲ. ಡಿಸ್ಕೊಂದು ಕಣ್ಣಿಗೆ ಬಿದ್ದ ಕೂಡಲೇ ಜಾತಕ ಓದಿ, ಅದೇ ತಂಡದ ಇನ್ನೊಂದು ಡಿಸ್ಕಿಗಾಗಿ ಕಾದು, ಜನ ಪೂರ್ತಿಯಾದಾಗ ತಂಡ ಎದ್ದು ನಿಲ್ಲುತ್ತದೆ. ಹೀಗೆ ಎದ್ದು ನಿಂತ ಎರಡರಲ್ಲಿ ಯಾವುದು ಸಂಗ್ರಹ? ನಾವು ಮಾಡಬೇಕಾದ ಕೆಲಸ ಇದರಿಂದ ಅದಕ್ಕೆ ನಕಲು. ನಕಲು ಮಾಡುವ ನಮ್ಮ ಏರ್ಪಾಟಿನಲ್ಲಿ ಮೂಲದಲ್ಲಿ ಇಲ್ಲದ್ದನ್ನು ನಕಲಿನಿಂದಲೂ ಅಳಿಸುವ ನಿಯಮವಿದೆ. ದಿಕ್ಕು ತಿರುಗಿತೋ, ಹದಿನೆಂಟು ದಿನ ಹಿಂದಿದ್ದ ಭದ್ರೆ ಮೂಲವಾಗಿ, ತುಂಗೆಯಲ್ಲಿರುವ ನಲವತ್ತೊಂದೂ 'ಹೆಚ್ಚಿನವು' ಎಂದು ಅಳಿಸಿಹೋಗುತ್ತವೆ. ಎರಡೆರಡು ಡಿಸ್ಕು ಇದ್ದು ಪ್ರಯೋಜನವೇನು? ಕನ್ನಡಿಯಂತೆ ಎರಡರಿಂದಲೂ ಏಕಕಾಲಕ್ಕೆ ಅಳಿಯುತ್ತದೆ. ರೇಡ್ ಡಿಸ್ಕಿನ ಸಾವಿಗೆ ಔಷಧ. ಮನುಷ್ಯನ ಆಜ್ಞೆಗೆ ಅಲ್ಲ.

ಹಿಂದೆ ಈ ಭಯ ಇನ್ನೂ ಹೆಚ್ಚಿತ್ತು. ೦.೯೦ ಎಂಬ ಹಳೆಯ ನಮೂನೆಯ ಜಾತಕದಲ್ಲಿ ತಂಡಕ್ಕೆ ಹೆಸರೇ ಇಲ್ಲ, ಬರೀ ಒಂದು ಅಂಕಿ. ಡಿಸ್ಕಿನ ಭಾಗಕ್ಕೆ ಒಂದು ಗುರುತು ಹಾಕಿದ್ದರೆ ಲಿನಕ್ಸಿನ ಕರ್ನಲ್ಲೇ, ಬೇರೆ ಯಾವ ಸಾಧನದ ಅಪ್ಪಣೆಯೂ ಇಲ್ಲದೆ, ಏಳುವ ಹೊತ್ತಿಗೆ ತಂಡಗಳನ್ನು ಆ ಅಂಕಿಯ ಪ್ರಕಾರ ನಿಲ್ಲಿಸುತ್ತಿತ್ತು. ಊರು ಯಾವುದೆಂದು ಅದು ಕೇಳುತ್ತಿರಲಿಲ್ಲ. ಹೆಚ್ಚಿನ ಯಂತ್ರಗಳಲ್ಲಿ ಮೊದಲ ತಂಡ ಸೊನ್ನೆಯೇ ಆಗಿರುತ್ತಿದ್ದುದರಿಂದ ಒಂದರ ಡಿಸ್ಕು ಇನ್ನೊಂದಕ್ಕೆ ಹಾಕಿದರೆ ಇಬ್ಬರು ಸೊನ್ನೆಗಳು. ಹೊರಗಿನಿಂದ ಬಂದ ಸೊನ್ನೆ ಮನೆಯ ಯಜಮಾನನ ಕುರ್ಚಿಯಲ್ಲಿ ಕೂರುವ ಸಂಭವವಿತ್ತು.

ಹೊಸ ನಮೂನೆ ಇದನ್ನು ಸರಿಪಡಿಸಿದ ರೀತಿ ನಮಗೆ, ಅಂದರೆ ಊರು ಬಿಟ್ಟು ಬಂದವರಿಗೆ, ವಿವರಿಸಬೇಕಾಗಿಯೇ ಇಲ್ಲ. ತಂಡ ಹುಟ್ಟುವಾಗ ಅದು ಯಾವ ಕಂಪ್ಯೂಟರಿನಲ್ಲಿ ಹುಟ್ಟಿತೋ ಆ ಕಂಪ್ಯೂಟರಿನ ಹೆಸರನ್ನು ತಂಡದ ಹೆಸರಿನ ಮುಂದೆ ಸೇರಿಸುತ್ತಾರೆ. ನಡುವೆ ಎರಡು ಚುಕ್ಕೆ. ತುಂಗಾ:ಸಂಗ್ರಹ. ಭದ್ರಾ:ಸಂಗ್ರಹ. ಊರು ಮುಂದೆ, ತಾನು ಹಿಂದೆ, ನಮ್ಮ ಮೈಸೂರಿನ ಪದ್ಧತಿಯೇ. ಇದಕ್ಕೆ ಹೋಮ್‌ಹೋಸ್ಟ್ ಎನ್ನುತ್ತಾರೆ, ಮನೆಯೂರು ಎನ್ನೋಣ. ಹೆಸರಿಗೆ ಜಾತಕದಲ್ಲಿರುವ ಜಾಗ ಬರೀ ೩೨ ಬೈಟು, ಅಂದರೆ ೩೨ ಇಂಗ್ಲಿಷ್ ಅಕ್ಷರ. ಎರಡೂ ಸೇರಿ ಅದರಲ್ಲಿ ಹಿಡಿಸದಷ್ಟು ಉದ್ದವಾದರೆ ಕೈಬಿಡುವುದು ಊರನ್ನೇ. ಬ್ಯಾಂಕಿನ ಫಾರಮ್ಮಿನ ಚೌಕಗಳು ಸಾಲದೆ ಊರು ಕಳೆದುಕೊಂಡವರು ನಮ್ಮಲ್ಲೂ ಇದ್ದಾರೆ.

ಹೊಸ ಡಿಸ್ಕು ಬಂದಾಗ ಯಂತ್ರ ಮೊದಲು ತನ್ನ ಮನೆಯ ಪಟ್ಟಿಯನ್ನು ನೋಡುತ್ತದೆ. ಎಂಡಿಎಡಿಎಂ ಕಾನ್ಫ್ ಎಂಬ ಕಡತ ಅದು. ಅಲ್ಲಿ ಈ ತಂಡ ಇದ್ದರೆ ಅಲ್ಲಿರುವ ಹೆಸರೇ ಹೆಸರು. ಇಲ್ಲದಿದ್ದರೆ ಜಾತಕದ ಮನೆಯೂರನ್ನು ತನ್ನ ಹೆಸರಿನೊಡನೆ ಹೋಲಿಸುತ್ತದೆ. ಒಂದೇ ಆದರೆ ಮನೆಯವರು. ಪೂರ್ತಿ ಹೆಸರಿನಿಂದ ಒಳಗೆ ಬಾ. ಬೇರೆಯಾದರೆ ಪರಸ್ಥಳದವರು. ಹಾಗೆಂದು ಹೊರಗೆ ನಿಲ್ಲಿಸುವುದಿಲ್ಲ. ಒಳಗೆ ಕರೆಯುತ್ತದೆ, ತಂಡವನ್ನು ಕಟ್ಟುತ್ತದೆ, ಆದರೆ ಹೆಸರಿಗೆ ಒಂದು ಬಾಲ ಹಚ್ಚುತ್ತದೆ: ಅಡಿಗೆರೆ, ಸೊನ್ನೆ. ಕೆಲವು ಕಡೆ ಹಳೆಯ ಊರಿನ ಹೆಸರನ್ನೇ ಮುಂದಿಟ್ಟು ಕರೆಯುವುದೂ ಉಂಟು. ಮನೆಯವರ ಹೆಸರಿಗೂ ಅತಿಥಿಯ ಹೆಸರಿಗೂ ಗೊಂದಲವಾಗಬಾರದೆಂಬುದೇ ಉದ್ದೇಶ.

ಮಾರನೆಯ ಬೆಳಿಗ್ಗೆ ರಾತ್ರಿಯ ನಕಲಿನ ಏರ್ಪಾಟನ್ನು ಮೊದಲು ನಿಲ್ಲಿಸಿ, ಆಮೇಲೆ ಡಿಸ್ಕುಗಳನ್ನು ಸಿಕ್ಕಿಸಿದೆವು. ಜಾತಕ ಓದುವ ಆಜ್ಞೆ ಕೊಟ್ಟರೆ ಭದ್ರೆಯ ಸ್ವಂತ ಡಿಸ್ಕುಗಳ ಹೆಸರಿನ ಎದುರಿಗೆ 'ಲೋಕಲ್ ಟು ಹೋಸ್ಟ್ ಭದ್ರಾ' ಎಂದು ಬಂತು. ತುಂಗೆಯ ಡಿಸ್ಕುಗಳ ಎದುರಿಗೆ ತುಂಗಾ:ಸಂಗ್ರಹ ಎಂದಷ್ಟೇ. ಲೋಕಲ್ ಎಂಬ ಮಾತಿಲ್ಲ. ಹೊರಗಿನಿಂದ ಲೋಕಲ್ಲಿನಲ್ಲೇ ಬಂದಿದ್ದರೂ! ತಂಡಗಳ ಪಟ್ಟಿಯಲ್ಲಿ ಸಂಗ್ರಹ ಒಂದು, ಸಂಗ್ರಹ ಅಡಿಗೆರೆ ಸೊನ್ನೆ ಒಂದು.

ಇಲ್ಲಿಗೆ ಮುಗಿಯಿತೆಂದುಕೊಂಡರೆ ಇನ್ನೊಂದು ತೊಡಕು. ಹೆಸರಿನ ಜೊತೆಗೆ ಪ್ರತಿ ತಂಡಕ್ಕೂ ಯಂತ್ರ ಒಂದು ಅಂಕಿಯನ್ನೂ ಕೊಡುತ್ತದೆ. ತಾನಾಗಿ ಕೊಡುವಾಗ ಅದು ೧೨೭ರಿಂದ ಶುರುಮಾಡಿ ಕೆಳಗಿಳಿಯುತ್ತದೆ. ಮೊದಲು ಎದ್ದವರಿಗೆ ೧೨೭, ಆಮೇಲೆ ಎದ್ದವರಿಗೆ ೧೨೬. ಸೊನ್ನೆಯ ಕಡೆಯಿಂದ ಎಣಿಸುವ ಹಳೆಯ ತಂಡಗಳಿಗೆ ಅಡ್ಡಬರದಿರಲಿ ಎಂದು ಮೇಲಿನಿಂದ ಎಣಿಕೆ. ನಾವು ಎರಡು ಸಲ ಯಂತ್ರ ಆರಿಸಿ ಹಚ್ಚಿ ನೋಡಿದೆವು. ಮೊದಲ ಸಲ ಭದ್ರೆಯದು ೧೨೭, ತುಂಗೆಯದು ೧೨೬. ಎರಡನೆಯ ಸಲ ಅದಲುಬದಲು. ಯಾವ ಡಿಸ್ಕು ಮೊದಲು ಕಣ್ಣು ಬಿಟ್ಟಿತೋ ಅದರ ಮೇಲೆ ಎಲ್ಲವೂ. ೧೨೭ರಿಂದ ೧೨೬ಕ್ಕೆ ನಕಲು ಮಾಡು ಎಂದು ಯಾರಾದರೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರೆ ಸೋಮವಾರ ಅದು ಸರಿ, ಮಂಗಳವಾರ ಸರ್ವನಾಶ.

ಬದಲಾಗದೆ ಇರುವುದು ಯುಯುಐಡಿ ಎಂಬ ಸಂಖ್ಯೆ. ಎಂಟೆಂಟು ಅಂಕಿಗಳ ನಾಲ್ಕು ಗುಂಪು, ಒಟ್ಟು ೩೨. ಅಂಕಿಗಳ ನಡುವೆ ಎ ಇಂದ ಎಫ್‌ವರೆಗಿನ ಅಕ್ಷರಗಳೂ ಸೇರಿರುತ್ತವೆ. ತಂಡ ಹುಟ್ಟಿದಾಗ ಕೊಟ್ಟದ್ದು, ನಾವಾಗಿ ಬದಲಿಸುವ ತನಕ ಯಾವ ಊರಿಗೆ ಹೋದರೂ ಅದೇ. ಕಂಪ್ಯೂಟರಿಗೆ ಹೆಸರೇ ಇಡದೆ ಲೋಕಲ್‌ಹೋಸ್ಟ್ ಎಂದು ಬಿಟ್ಟಿರುವವರು ಬಹಳ ಜನ. ಅಂಥ ಎರಡು ಯಂತ್ರಗಳ ತಂಡಗಳು ಒಂದೆಡೆ ಸೇರಿದರೆ ಇಬ್ಬರೂ ಮನೆಯವರೇ ಎಂದು ನಿಲ್ಲುತ್ತಾರೆ. ಆಗ ಉಳಿಯುವ ಗುರುತು ಇದೊಂದೇ. ನಾವು ಎರಡು ಸಂಖ್ಯೆಗಳನ್ನೂ ಕಾಗದದ ಮೇಲೆ ಬರೆದು, ಒಬ್ಬರು ಓದಿ, ಇನ್ನೊಬ್ಬರು ಪರದೆಯಲ್ಲಿ ನೋಡಿ, ಮೂರನೆಯವರು ಬೆರಳಿಟ್ಟು ಸರಿಹೋಲಿಸಿ, ತುಂಗೆಯದನ್ನು ಓದಲು ಮಾತ್ರ ಎಂದು ತೆರೆದೆವು. ಬರೆಯಲು ಬಾರದ ಹಾಗೆ ತೆರೆದ ಮೇಲೆ ದಿಕ್ಕು ತಪ್ಪಿದರೂ ಅಳಿಸುವ ಹಾಗಿಲ್ಲ. ನಕಲು ನಾಲ್ಕು ಗಂಟೆ ನಡೆಯಿತು. ಮನೆಯವರು ಎರಡು ಸಲ ಕಾಫಿ, ಒಂದು ಸಲ ಅವಲಕ್ಕಿ ಕೊಟ್ಟರು.

ಆ ವಾರದ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಕೇಳಿದರು: 'ಅಲ್ರೀ, ಎರಡೂ ಡಿಸ್ಕಿನಲ್ಲಿ ಒಂದೇ ಇದೆ ಎನ್ನುತ್ತೀರಿ. ಒಂದು ಮಾಟುಂಗದಲ್ಲಿ, ಒಂದು ಡೊಂಬಿವಲಿಯಲ್ಲಿ ಇಟ್ಟರೆ ಮುಗಿಯಿತಲ್ಲ, ಇಷ್ಟು ಯಂತ್ರ ಯಾಕೆ?' ನ್ಯಾಯವಾದ ಪ್ರಶ್ನೆಯೇ. ಒಂದು ತಂಡವನ್ನು ಸೀಳಿ ಎರಡು ಮನೆಯಲ್ಲಿ ಇಟ್ಟರೆ ಎರಡೂ ಒಂಟಿಯಾಗಿ ನಡೆಯುತ್ತವೆ, ನಿಜ. ಎರಡಕ್ಕೂ ಒಂದೇ ಯುಯುಐಡಿ, ಒಂದೇ ಊರು, ಒಂದೇ ಹೆಸರು. ಆದರೆ ಇಲ್ಲಿ ಒಂದು ನಾಟಕ ಸೇರಿತು, ಅಲ್ಲಿ ಒಂದು ಭಾಷಣ ಸೇರಿತು ಎಂದಾದ ದಿನದಿಂದ ಅವು ಬೇರೆ ಬೇರೆ. ಮುಂದೆ ಒಂದೆಡೆ ಸೇರಿಸಿ ಮತ್ತೆ ಜೋಡಿ ಮಾಡಹೊರಟರೆ ಎರಡನ್ನೂ ಕಲಸುವ ವಿದ್ಯೆ ತಂಡಕ್ಕೆ ಗೊತ್ತಿಲ್ಲ. ಒಂದರ ಮೇಲೆ ಇನ್ನೊಂದನ್ನು ಬರೆಯುತ್ತದೆ ಅಷ್ಟೆ. ಹಿಸ್ಸೆಯಾದ ಅಣ್ಣತಮ್ಮಂದಿರನ್ನು ಬಲ್ಲ ಅವರು 'ಹಾಗಾದರೆ ಬೇಡ' ಎಂದು ಕೂತರು.

ಇನ್ನೊಂದು ಸಲಹೆ ನಮ್ಮಲ್ಲೇ ಹುಟ್ಟಿತು. ತುಂಗೆಯ ಯಂತ್ರ ಹೇಗೂ ಹೋಯಿತು, ಈ ಡಿಸ್ಕುಗಳನ್ನು ಭದ್ರೆಯವೇ ಎಂದು ಬರೆದುಬಿಟ್ಟರೆ? ಅದಕ್ಕೆ ಸೌಲಭ್ಯವಿದೆ. ಜೋಡಿಸುವಾಗ ಒಂದು ಮಾತು ಸೇರಿಸಿದರೆ ಜಾತಕದ ಮನೆಯೂರು ಬದಲಾಗುತ್ತದೆ, ಹೆಸರೂ ಬೇಕಾದರೆ ಬದಲಾಗುತ್ತದೆ. ಒಬ್ಬರು ಪರ, ಒಬ್ಬರು ವಿರೋಧ, ಮೂರನೆಯವರು ಪೇಪರು ಓದುತ್ತಿದ್ದರು. ಕೊನೆಗೆ ಹಣದ ವಿಚಾರವೇ ತೀರ್ಮಾನ ಮಾಡಿತು. ಸದಸ್ಯರೊಬ್ಬರು ಹಳೆಯದೊಂದು ಮದರ್‌ಬೋರ್ಡು ಕೊಡುತ್ತೇನೆಂದರು. ತುಂಗೆ ಮತ್ತೆ ಬರುವುದಾದರೆ ಡಿಸ್ಕುಗಳ ಊರು ಬದಲಿಸುವುದು ಯಾಕೆ?

ಹೊಸ ಬೋರ್ಡಿನ ಮೇಲೆ ಲಿನಕ್ಸು ಹೊಸದಾಗಿ ಹಾಕಬೇಕಾಯಿತು. ಹಾಕುವಾಗ ಅದು ಕೇಳುವ ಮೊದಲ ಕೆಲವು ಪ್ರಶ್ನೆಗಳಲ್ಲಿ ಕಂಪ್ಯೂಟರಿನ ಹೆಸರೂ ಒಂದು. ಯುವಕರೊಬ್ಬರು 'ಹೊಸ ಹೆಸರು ಇಡೋಣ, ಕಾವೇರಿ ಅಂತ' ಎಂದರು. ಹೆಸರಿನ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಕಾವೇರಿಗೆ ತುಂಗೆಯ ಡಿಸ್ಕುಗಳು ಪರಸ್ಥಳದವೇ. ಸ್ವಂತ ಮನೆಯಲ್ಲೇ ಬಾಲ ಹಚ್ಚಿಕೊಂಡು ಇರಬೇಕಾಗುತ್ತಿತ್ತು. ತುಂಗಾ ಎಂದೇ ಬರೆದು ಡಿಸ್ಕುಗಳನ್ನು ಸಿಕ್ಕಿಸಿದೆವು. ಬೋರ್ಡು ಬೇರೆ, ಪೆಟ್ಟಿಗೆ ಬೇರೆ, ಹಳೆಯ ಯಂತ್ರದ ಒಂದು ಸ್ಕ್ರೂ ಕೂಡ ಉಳಿದಿರಲಿಲ್ಲ. ಜಾತಕ ಓದಿಸಿದರೆ 'ಲೋಕಲ್ ಟು ಹೋಸ್ಟ್ ತುಂಗಾ' ಎಂದಿತು. ಸಂಗ್ರಹ ಬಾಲವಿಲ್ಲದೆ ಎದ್ದು ನಿಂತಿತು. ಅಷ್ಟಕ್ಕೇ ಬಿಡದೆ ಎರಡೂ ಯಂತ್ರಗಳ ಕಾನ್ಫ್ ಕಡತದಲ್ಲಿ ಆಯಾ ತಂಡದ ಯುಯುಐಡಿಯ ಸಾಲನ್ನು ಬರೆದೆವು. ಡೆಬಿಯನ್ನಿನಲ್ಲಿ ಈ ಕಡತದ ಒಂದು ಪ್ರತಿ ಯಂತ್ರ ಏಳುವಾಗ ಓದುವ ಚಿಕ್ಕ ಗಂಟಿನೊಳಗೂ ಇರುತ್ತದೆ. ಇನಿಟ್‌ರಾಮ್‌ಎಫ್‌ಎಸ್ ಎಂಬ ಆ ಗಂಟನ್ನು ಹೊಸದಾಗಿ ಕಟ್ಟದಿದ್ದರೆ ಬರೆದದ್ದು ತಡವಾಗಿ ಲೆಕ್ಕಕ್ಕೆ ಬರುತ್ತದೆ. ಅದನ್ನೂ ಕಟ್ಟಿದೆವು.

ಆ ಸಂಜೆ ತುಂಡಾದ ಏಳರಲ್ಲಿ ಒಂದನ್ನು ಹಾಕಿ ಕೇಳಿದೆವು. ಸಂಘದವರೇ ಆಡಿದ ನಾಟಕ, ೧೯೭೮ರ ಗಣೇಶೋತ್ಸವದ್ದು. ನಡುನಡುವೆ ಗಾಡಿಯ ಸದ್ದು, ಪ್ರೇಕ್ಷಕರಲ್ಲಿ ಒಂದು ಮಗುವಿನ ಅಳು. ನಾಯಕಿಯ ಪಾತ್ರದವರು ಈಗಿಲ್ಲ. ಅವರ ಮಗಳು ನಮ್ಮ ಸದಸ್ಯರು. ಫೋನಿನಲ್ಲಿ ಕೇಳಿಸಿದಾಗ 'ಅಳುತ್ತಿರುವುದು ನಾನೇ ಇರಬೇಕು' ಎಂದರು.

ಮುಂದಿನ ಸಭೆಯಲ್ಲಿ, ಎರಡು ಯುಯುಐಡಿಗಳೂ ಸಂಘದ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ, ಕಂಪ್ಯೂಟರು ಸುಟ್ಟರೂ ಪುಸ್ತಕ ಇರುತ್ತದೆ ಎಂದು ಕೇಳಿಕೊಂಡೆವು. ನಡಾವಳಿಗೆ ಸೇರಬೇಕಾದರೆ ಸಭೆಯ ಮುಂದೆ ಓದಲೇಬೇಕು ಎಂದರು ಕಾರ್ಯದರ್ಶಿಗಳು. ಒಂದೊಂದರಲ್ಲೂ ಮೂವತ್ತೆರಡು ಅಂಕಿ ಅಕ್ಷರಗಳು. ಗಟ್ಟಿಯಾಗಿ ಓದಿದೆವು. ಇಪ್ಪತ್ತಮೂರನೆಯದು ಬಿ ಆಗಿತ್ತೋ ಡಿ ಆಗಿತ್ತೋ ಎಂದು ಹಿಂದಿನ ಸಾಲಿನಿಂದ ಆಕ್ಷೇಪಣೆ ಬಂದು ಇನ್ನೊಮ್ಮೆ ಓದಬೇಕಾಯಿತು. ಖಜಾಂಚಿಗಳು ಅನುಮೋದಿಸಿದರು.